ಶೀಬಾಳ ಪಕ್ಕದ ಜಾಗ

ಭದ್ರಾವತಿ, ಆಗಸ್ಟ್ 12, 1999

ನನ್ನ ಹೆಂಡತಿ ಜಯಶೀಲಳ ಪಿತ್ತಕೋಶದ ಗಡ್ಡೆ ಲಿವರಿಗೆ ಹರಡಿದೆ. ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲ. ಶಿವಮೊಗ್ಗದ ವೈದ್ಯರು ಇಂದು ಮಧ್ಯಾಹ್ನ ಈ ವಿಷಯ ತಿಳಿಸಿದರು. ಕ್ರಿಸ್‌ಮಸ್ ನೋಡುವುದು ಕಷ್ಟ ಎಂದೂ ಹೇಳಿದರು. ಅವಳ ಎದುರಿಗೇ ಹೇಳಿದರು. ಅವಳೇ ಹಾಗೆ ಕೇಳಿಕೊಂಡಿದ್ದಳು.

ಭದ್ರಾವತಿಯ ಸುದ್ದಿಯನ್ನು ಶಿವಮೊಗ್ಗದ ಪತ್ರಿಕೆಗೆ ಕಳಿಸುವುದು, ಬೆಳಿಗ್ಗೆ ಅದೇ ಪತ್ರಿಕೆಯನ್ನು ಮನೆಮನೆಗೆ ಹಾಕಿಸುವುದು ನನ್ನ ಕೆಲಸ. ಕಾರ್ಖಾನೆಯ ಗೇಟ್ ಸಭೆ, ನಾಲೆಗೆ ಬಿದ್ದ ಲಾರಿ, ಶಾಲೆಯ ವಾರ್ಷಿಕೋತ್ಸವ ಎಲ್ಲವನ್ನೂ ಬರೆದಿದ್ದೇನೆ. ಇದನ್ನು ಎಲ್ಲಿಗೂ ಕಳಿಸುವಂತಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಬರುತ್ತಾ ಗೋಪಿ ಸರ್ಕಲ್ ಹತ್ತಿರ ಅವಳು ನಿಂತಳು. ತಲೆ ಸುತ್ತಿತೋ ಏನೋ ಎಂದು ಕೈ ಹಿಡಿದೆ.

"ಸೀಮೆಸುಣ್ಣ ತಗೋಬೇಕು ರೀ," ಎಂದಳು. "ಭಾನುವಾರ ಬೋರ್ಡಿಗೆ ಬರಿಯಕ್ಕೆ ಒಂದು ತುಂಡೂ ಇಲ್ಲ."

ತೆಗೆದುಕೊಂಡೆವು. ಬಸ್ಸಿನಲ್ಲಿ ಆ ಪೊಟ್ಟಣ ಅವಳ ತೊಡೆಯ ಮೇಲಿತ್ತು. 

ಭದ್ರಾವತಿ, ಆಗಸ್ಟ್ 16

ನಿನ್ನೆ ಜಯಾಳನ್ನು ಪ್ರಾರ್ಥನೆಗೆ ಕರೆದುಕೊಂಡು ಹೋಗಿದ್ದೆ. ಅವರ ಸಭೆ ಸೇರುವುದು ನ್ಯೂಟೌನಿನಲ್ಲಿ, ಮೊದಲು ಟೈರ್ ರಿಪೇರಿ ನಡೆಯುತ್ತಿದ್ದ ಒಂದು ಶೆಡ್ಡಿನಲ್ಲಿ. ಪಾಸ್ಟರ್ ದೇವಸಹಾಯಂ ಹಿಂದೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕಳೆದ ಬುಧವಾರದ ಸೂರ್ಯಗ್ರಹಣ ಅಂತ್ಯಕಾಲದ ಗುರುತು, ಈ ವರ್ಷ ಮುಗಿಯುವುದರೊಳಗೆ ಕರ್ತನು ಬರುತ್ತಾನೆ ಎಂದು ಅವರು ಬೋಧಿಸಿದರು. ಗ್ರಹಣದ ಸಮಯ ಪಂಚಾಂಗದಲ್ಲೂ ಪತ್ರಿಕೆಯಲ್ಲೂ ಮೊದಲೇ ಅಚ್ಚಾಗಿತ್ತು. ಬರುವವನ ತಾರೀಖಿಗೆ ಮಾತ್ರ ಯಾರ ಬಳಿಯೂ ಆಧಾರವಿಲ್ಲ.

ಜಯಾ ಹಳೆ ಚರ್ಚು ಬಿಟ್ಟು ಇಲ್ಲಿ ಸೇರಿ ಐದು ವರ್ಷವಾಯಿತು. ನಮ್ಮ ಒಬ್ಬಳೇ ಮಗಳು ಶೀಬಾ ಮಿದುಳು ಜ್ವರದಿಂದ ತೀರಿಕೊಂಡದ್ದು ಅದಕ್ಕೂ ಮೂರು ವರ್ಷ ಮೊದಲು. ಆಗ ಅವಳಿಗೆ ಒಂಬತ್ತು. ಹಳೆ ಚರ್ಚಿನಲ್ಲಿ ತನಗೆ ನೋವಾಗುತ್ತದೆ ಎಂದು ಯಾರೂ ಶೀಬಾಳ ಹೆಸರೆತ್ತುವುದಿಲ್ಲ, ಇಲ್ಲಿ ಎತ್ತುತ್ತಾರೆ. ಇದು ಜಯಾ ಕೊಟ್ಟ ಕಾರಣ. ಭದ್ರಾ ಹೊಳೆಯಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ ಪಡೆದಳು. ನಾನು ದಡದಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಈಗಲೂ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಶೆಡ್ಡಿನ ಗೋಡೆಗೆ ಒಂದು ಕರಿಹಲಗೆ ಇದೆ. ಪ್ರತಿ ವಾರ ಅದರ ಮೇಲೆ ದೇವರ ಒಂದು ಹೆಸರು ಬರೆಯುತ್ತಾರೆ. ಬರುವವನನ್ನು ಹೆಸರು ಹಿಡಿದು ಕರೆಯಲು ಗೊತ್ತಿರಬೇಕು, ಅದೇ ಸಿದ್ಧತೆ ಎನ್ನುವುದು ದೇವಸಹಾಯಂ ಅವರ ಮಾತು. ಅಂಗನವಾಡಿಯಲ್ಲಿ ಪಾಠ ಹೇಳಿದ್ದ ಜಯಾಳ ಅಕ್ಷರ ದುಂಡಗಿದೆ. ಹಲಗೆ ಅವಳದೇ ಜವಾಬ್ದಾರಿ. ನಿನ್ನೆ "ಯೆಹೋವ ಯೀರೆ" ಎಂದು ಬರೆಯುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಒದಗಿಸುವವನು ಎಂದು ಅರ್ಥವಂತೆ.

ಸಂಜೆ ಓಂಕಾರಪ್ಪ ಬಂದಿದ್ದ. ಮಾಚೇನಹಳ್ಳಿಯಲ್ಲಿ ಅವನದು ಲೇತ್ ವರ್ಕ್‌ಶಾಪ್. ಹೈಸ್ಕೂಲಿನಿಂದ ನನ್ನ ಸ್ನೇಹಿತ.

"ಡಿಸೆಂಬರಿಗೆ ಲೋಕ ಮುಗಿಯುತ್ತೆ ಅಂತೀರಿ," ಎಂದ ಜಯಾಳಿಗೆ. "ನಿಮ್ಮ ಯಜಮಾನ್ರು ನೋಡಿದ್ರೆ ಹೊಸ ವರ್ಷದ ಕ್ಯಾಲೆಂಡರಿಗೆ ಆರ್ಡರ್ ಕೊಡ್ತಾವ್ರೆ."

"ಅವರು ಯಾವ ಸುದ್ದೀನೂ ಎರಡು ಕಡೆ ವಿಚಾರಿಸದೆ ನಂಬಲ್ಲ ಓಂಕಾರಣ್ಣ," ಎಂದಳು ಜಯಾ.

ಅವನು ನಕ್ಕ. ವೈದ್ಯರ ಮಾತು ಆಮೇಲೆ ಗೇಟಿನ ಹತ್ತಿರ ಹೇಳಿದೆ. ಸ್ಕೂಟರ್ ಸ್ಟಾರ್ಟ್ ಮಾಡದೆ ಸ್ವಲ್ಪ ದೂರ ತಳ್ಳಿಕೊಂಡೇ ಹೋದ.

ಭದ್ರಾವತಿ, ಸೆಪ್ಟೆಂಬರ್ 12

ಇಂದು ಹಲಗೆಯ ಮೇಲೆ ನಾನು ಬರೆದೆ. ಜಯಾಳಿಗೆ ತೋಳೆತ್ತಲು ಆಗುತ್ತಿಲ್ಲ. ಚುನಾವಣೆಯ ಸುದ್ದಿ ಬರೆದು ಬರೆದು ನನ್ನ ಅಕ್ಷರವೂ ಕೆಟ್ಟಿದೆ. ಅವಳು ಕುರ್ಚಿಯಲ್ಲಿ ಕೂತು ಹೇಳಿದಳು, "ಎಲ್ ರೋಯಿ. ನನ್ನನ್ನು ನೋಡುವವನು."

"ಯಾರು ಇಟ್ಟ ಹೆಸರು?" ಎಂದೆ.

"ಹಾಗರಳು. ಮನೆಯಿಂದ ಓಡಿಹೋಗಿದ್ಲಲ್ಲ, ಬಸುರಿ ಕೆಲಸದೋಳು. ಮರಳುಗಾಡಲ್ಲಿ, ನೀರಿನ ಬುಗ್ಗೆ ಹತ್ರ."

ಸ್ಥಳ, ವ್ಯಕ್ತಿ, ಘಟನೆ ಮೂರೂ ಇವೆ. ಹಲಗೆಯಲ್ಲಿ ಹೆಸರಿನ ಕೆಳಗೆ ಅದನ್ನೂ ಬರೆದೆ. ದೇವಸಹಾಯಂ ನೋಡಿ, "ನ್ಯೂಸ್ ಪೇಪರ್ ತರಾ ಇದೆ ಬ್ರದರ್, ಹಾಗೇ ಇರಲಿ," ಎಂದರು.

ಮನೆಗೆ ಬಂದ ಮೇಲೆ ಉಳಿದ ಹೆಸರುಗಳನ್ನೂ ಸತ್ಯವೇದದಲ್ಲಿ ನೋಡಿದೆ. ಗಿದ್ಯೋನನು ಶತ್ರುಗಳಿಗೆ ಹೆದರಿ ದ್ರಾಕ್ಷಿಯ ತೊಟ್ಟಿಯಲ್ಲಿ ಅಡಗಿ ಗೋದಿ ಬಡಿಯುತ್ತಿದ್ದ ಊರಿನಲ್ಲಿ "ಸಮಾಧಾನ" ಎಂಬ ಹೆಸರು ಬಂತು. "ಗುಣಪಡಿಸುವವನು" ಎಂಬುದು ಕುಡಿಯಲಾಗದ ಕಹಿ ನೀರಿನ ಬಳಿ. ಕಷ್ಟವಿಲ್ಲದ ಜಾಗದಲ್ಲಿ ಹುಟ್ಟಿದ ಹೆಸರು ಈವರೆಗೆ ಸಿಕ್ಕಿಲ್ಲ. ಇನ್ನೂ ಹುಡುಕಬೇಕು.

ಭದ್ರಾವತಿ, ಸೆಪ್ಟೆಂಬರ್ 27

ಜಯಾ ಇಂದು ಗಂಜಿ ಕುಡಿಯುತ್ತಾ ಹೇಳಿದಳು: "ನನ್ನನ್ನ ಶೀಬಾ ಪಕ್ಕ ಇಡಿ."

ಹಳೆ ಚರ್ಚಿನ ಸಮಾಧಿ ಭೂಮಿಯಲ್ಲಿ ಶೀಬಾಳ ಎಡಕ್ಕೆ ನನ್ನ ಅಮ್ಮ ಇದ್ದಾಳೆ. ಬಲಕ್ಕೆ ಜಾಗ ಖಾಲಿ ಇದೆ. ಆದರೆ ಮತ್ತೆ ದೀಕ್ಷಾಸ್ನಾನ ಪಡೆದು ಬೇರೆ ಸಭೆಗೆ ಹೋದವರಿಗೆ ಅಲ್ಲಿ ಮಣ್ಣಿಲ್ಲ ಎಂಬುದು ಕಮಿಟಿಯ ನಿಯಮ. ಅದು ಅವಳಿಗೂ ಗೊತ್ತು.

"ಕೇಳಿ ನೋಡಿ. ಕೇಳಿದ್ರೆ ಏನು ಹೋಗುತ್ತೆ?"

ಕೇಳುತ್ತೇನೆ ಎಂದೆ.

ಭದ್ರಾವತಿ, ಅಕ್ಟೋಬರ್ 4

ಮೊದಲು ದೇವಸಹಾಯಂ ಅವರನ್ನು ಕಂಡೆ. ನಿಮ್ಮ ಸಭೆಗೆ ಸಮಾಧಿಯ ಜಾಗ ಎಲ್ಲಿದೆ ಎಂದು ಕೇಳಿದೆ. ಇಲ್ಲ ಎಂದರು.

ಮೂರು ವರ್ಷದ ಹಿಂದೆ ನಾಲೆಯ ಆಚೆ ಒಂದು ತುಂಡು ಜಮೀನನ್ನು ಇದಕ್ಕಾಗಿಯೇ ಒಬ್ಬರು ದಾನ ಕೊಡಲು ಬಂದಿದ್ದರಂತೆ. ಸಭೆ ಸೇರಿಸಿ ಚರ್ಚಿಸಿದರಂತೆ. ಕರ್ತನು ಬರುವಾಗ ಜೀವಂತ ಇರುವವರು ಸಾವನ್ನೇ ಕಾಣದೆ ಎತ್ತಲ್ಪಡುತ್ತಾರೆ ಎಂದು ನಂಬಿದ ಮೇಲೆ ಗುಂಡಿಗೆ ಜಾಗ ಇಟ್ಟುಕೊಳ್ಳುವುದು ಅಪನಂಬಿಕೆ ಎಂದು ತೀರ್ಮಾನವಾಯಿತಂತೆ. ಜಮೀನು ಬೇಡ ಎಂದು ವಾಪಸು ಕಳಿಸಿದರು.

"ಎಲ್ಲರೂ ಕೈ ಎತ್ತಿದ್ರು ಬ್ರದರ್," ಎಂದರು. "ಜಯಾ ಸಿಸ್ಟರ್ ಕೂಡ."

ಅವರ ಮುಖ ನೋಡಲಾಗಲಿಲ್ಲ. ಸಭೆಯವರು ಬಿಳಿ ಅಂಗಿ ಒಗೆದು ಇಟ್ಟುಕೊಂಡಿದ್ದಾರೆ, ಉಪವಾಸ ಮಾಡಿದ್ದಾರೆ, ಹೆಸರು ಕಲಿತಿದ್ದಾರೆ. ಎಲ್ಲದಕ್ಕೂ ಸಿದ್ಧರಾದವರು ಇದೊಂದಕ್ಕೆ ಸಿದ್ಧರಾಗಿಲ್ಲ.

ಜಯಾಳಿಗೆ ಹೇಳಿದೆ. "ಹೌದು, ನಾನೂ ಎತ್ತಿದ್ದೆ," ಎಂದಳು. "ಆವತ್ತು ಕೈ ಚೆನ್ನಾಗಿ ಏಳ್ತಿತ್ತು."

ಭದ್ರಾವತಿ, ಅಕ್ಟೋಬರ್ 9

ಹಳೆ ಚರ್ಚಿನ ಅಯ್ಯನವರನ್ನು ಭೇಟಿ ಮಾಡಿದೆ. ಕಾಫಿ ತರಿಸಿದರು. ಶೀಬಾಳ ಅಂತ್ಯಕ್ರಿಯೆ ನಡೆಸಿದವರು ಇವರೇ.

"ನನ್ನ ಕೈಲಿ ಇದ್ದಿದ್ರೆ ಇವತ್ತೇ ಹ್ಞೂಂ ಅಂತಿದ್ದೆ ಕರುಣಾಕರ್," ಎಂದರು. "ಕಮಿಟಿಯೋರು ಒಂದು ದಾರಿ ಇಟ್ಟಿದಾರೆ. ಆಯಮ್ಮ ಒಂದು ಭಾನುವಾರ ಬರಲಿ. ಹೊಳೇಲಿ ಪಡೆದಿದ್ದು ತಪ್ಪಾಯ್ತು ಅಂತ ಸಭೆ ಮುಂದೆ ಒಂದು ಮಾತು. ಕುರ್ಚೀಲಿ ಕೂತೇ ಹೇಳಲಿ, ಸಾಕು."

"ನನಗೆ?" ಎಂದೆ. ಯಾಕೆ ಕೇಳಿದೆನೋ ತಿಳಿಯದು.

"ನೀವು ನೀರಿಗೆ ಇಳಿದೋರಲ್ಲವಲ್ಲ. ಯಾವಾಗ ಬೇಕಾದ್ರೂ ಬನ್ನಿ."

ಭದ್ರಾವತಿ, ಅಕ್ಟೋಬರ್ 10

ಅಯ್ಯನವರ ಮಾತು ತಿಳಿಸಿದೆ. ಜಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂತೆಂದುಕೊಂಡೆ.

"ಆವತ್ತು ನನ್ನ ಒದ್ದೆ ಸೀರೆ ಹಿಂಡಿದ್ದು ಯಾರು?" ಎಂದಳು.

"ನಾನೇ."

"ಮತ್ತೆ? ಅದು ಸುಳ್ಳು ಅಂತ ನಾನು ಹೆಂಗೆ ಹೇಳ್ಲಿ?"

ಒಂದು ಮಾತು ತಾನೇ ಜಯಾ, ಶೀಬಾಳಿಗೋಸ್ಕರ ಎಂದೆ. ಅವಳು ಅತ್ತಳು. ಈ ಕಾಯಿಲೆ ತಿಳಿದ ಮೇಲೆ ಅತ್ತಿದ್ದು ಇದೇ ಮೊದಲು. ಅಳು ನಿಂತ ಮೇಲೆ ನನ್ನ ಕಡೆ ತಿರುಗಿದಳು.

"ನೀವು ಮಾತ್ರ ದಡದಲ್ಲೇ ಇದ್ದುಬಿಡಿ," ಎಂದಳು. "ಅವಳ ಪಕ್ಕ ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಇರ್ಬೇಕು."

ಅವಳ ಹೊದಿಕೆ ಸರಿಮಾಡಿದೆ.

ಭದ್ರಾವತಿ, ಅಕ್ಟೋಬರ್ 30

ನೋವು ಹೆಚ್ಚಿದೆ. ಇಂಜೆಕ್ಷನ್ ಕೊಡಲು ನರ್ಸ್ ಮನೆಗೆ ಬರುತ್ತಾರೆ. ಪತ್ರಿಕೆಗೆ ಏನೂ ಕಳಿಸಿಲ್ಲ.

ಭದ್ರಾವತಿ, ನವೆಂಬರ್ 6

ಜಯಾ ಹೇಳಿದಂತೆ ಇಂದು ಪಕ್ಕದ ಮನೆಯ ಇಡ್ಲಿ ಪಾತ್ರೆ ವಾಪಸು ಕೊಟ್ಟೆ. ಹೊಲಿಯಲು ಕೊಟ್ಟಿದ್ದ ರವಿಕೆ ಬೇಡವೆಂದು ಟೈಲರಿಗೆ ತಿಳಿಸಿದೆ. ಹೊಸಮನೆ ಬಡಾವಣೆಯಲ್ಲಿರುವ ಅವಳ ಅಕ್ಕನ ಜೊತೆ ಮಾತು ಬಿಟ್ಟಿತ್ತು, ಕರೆಸಿದೆ. ಅಕ್ಕ ಬಂದು ತಲೆ ಬಾಚಿ ಹೋದರು.

"ಇದೆಲ್ಲಾ ಡಿಸೆಂಬರಿಗೆ ಅಂತ ಮಾಡ್ತಿದೀಯೋ, ಅಥವಾ..." ಎಂದು ಕೇಳಲು ಹೋಗಿ ನಿಲ್ಲಿಸಿದೆ.

"ಎರಡಕ್ಕೂ ಕೆಲಸ ಒಂದೇ ರೀ," ಎಂದಳು.

ಹಲಗೆಗೆ ನಾಳೆಯ ಹೆಸರು ಯಾವುದು ಎಂದೆ. ನೀವೇ ನೋಡಿ ಬರೆಯಿರಿ ಎಂದಳು. "ಯೆಹೋವ ರೋಹಿ" ಎಂದು ಬರೆದೆ. ಕುರಿ ಕಾಯುವವನು. ಇದು ಪಚ್ಚೆ ಹುಲ್ಲಿನ ಹಾಡಿನಿಂದ ಬಂದ ಹೆಸರು, ಕಷ್ಟವಿಲ್ಲದ ಜಾಗ ಒಂದು ಸಿಕ್ಕಿತು ಎಂದುಕೊಂಡೆ. ಮುಂದೆ ಓದಿದರೆ ಅದೇ ಹಾಡಿನಲ್ಲಿ ಕತ್ತಲ ಕಣಿವೆಯೂ ಇದೆ.

ಭದ್ರಾವತಿ, ನವೆಂಬರ್ 14

ಸಮಾಧಿಗೆ ಜಾಗ ಸಿಗದ ವಿಷಯ ಓಂಕಾರಪ್ಪನಿಗೆ ತಿಳಿದುಬಿಟ್ಟಿದೆ. ದೇವಸಹಾಯಂ ಅವನ ವರ್ಕ್‌ಶಾಪಿಗೆ ಹೋಗಿದ್ದರಂತೆ. ಬಂದವನು ಚಪ್ಪಲಿ ಬಿಡುವ ಮೊದಲೇ ಬೈದ.

"ಏನ್ ಮಾರಾಯ ನೀನು, ಊರಿನ ಸುದ್ದಿಯೆಲ್ಲಾ ಪೇಪರಿಗೆ ಹಾಕ್ತೀಯ, ಇದನ್ನ ನನಗೆ ಹೇಳಕ್ಕೆ ಬಾಯಿ ಇಲ್ವಾ?"

ಅವರದು ಲಿಂಗಾಯತರ ಮನೆ. ಮಾಚೇನಹಳ್ಳಿಯ ಆಚೆ ಅವರ ಜಮೀನಿನ ಒಂದು ಮೂಲೆಯಲ್ಲಿ ಹಿರಿಯರ ಸಮಾಧಿಗಳಿವೆ. ಅಲ್ಲಿ ಜಾಗ ಕೊಡುತ್ತೇನೆ ಎಂದ.

"ನಿಮ್ಮೋರು ಒಪ್ಪಬೇಕಲ್ಲ," ಎಂದೆ.

"ನಮ್ಮಲ್ಲೂ ಹೂಳೋದೇ. ನಮ್ಮೋರು ಕೂತಿರ್ತಾರೆ, ನಿಮ್ಮೋರು ಮಲಗ್ತಾರೆ. ಅಷ್ಟೇ ವ್ಯತ್ಯಾಸ. ಅವ್ವನ್ನ ಕೇಳಿದೀನಿ. ಅಪ್ಪ ಆ ಕಡೆ ಒಬ್ನೇ ಕೂತವ್ನೆ, ಒಬ್ಬ ಹೆಣ್ಮಗಳು ಜೊತೆಗೆ ಇದ್ರೆ ಒಳ್ಳೇದೇ ಅಂದ್ಲು."

ಒಳಗಿನಿಂದ ಜಯಾ ಕೇಳಿಸಿಕೊಂಡಳು. "ಓಂಕಾರಣ್ಣ, ನಮ್ಮ ಮಾವನೋರು ಗೊರಕೆ ಹೊಡೀತಿದ್ರು," ಎಂದಳು. "ನಿಮ್ಮಪ್ಪಾಜಿ ಹೆಂಗೆ?"

"ನಮ್ಮಪ್ಪಂದು ಗೊರಕೆ ಇಲ್ಲಮ್ಮ, ಬೈಗುಳ ಜಾಸ್ತಿ."

ಅವಳು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಅವನು ಹೋದ ಮೇಲೆ "ಒದಗಿಸಿದ" ಎಂದಳು. ಓಂಕಾರಪ್ಪನೋ, ದೇವರೋ ಎಂದು ಕೇಳಲಿಲ್ಲ. ಶೀಬಾಳ ಹೆಸರನ್ನು ಅವಳು ಇಂದು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಭದ್ರಾವತಿ, ನವೆಂಬರ್ 23

ಜಯಶೀಲ ಇಂದು ಬೆಳಿಗ್ಗೆ ತೀರಿಕೊಂಡಳು. ನಾನು ಪತ್ರಿಕೆಯ ಕಟ್ಟು ಇಳಿಸಿಕೊಂಡು ಬಂದಾಗ ಇನ್ನೂ ಉಸಿರಿತ್ತು. ಕೈ ಹಿಡಿದೆ. ಹೆಸರುಗಳನ್ನು ಹೇಳಿದೆ, ನೆನಪಿಗೆ ಬಂದ ಹಾಗೆ, ಸರದಿ ಇಲ್ಲದೆ.

ಭದ್ರಾವತಿ, ನವೆಂಬರ್ 25

ನಿನ್ನೆ ಮಧ್ಯಾಹ್ನ ಮಣ್ಣಾಯಿತು. ಗುಂಡಿ ತೋಡುವಾಗ ಓಂಕಾರಪ್ಪನ ತಾಯಿ ಶಂಕರಮ್ಮ ಕೇಳಿದರು, "ತಲೆ ಯಾವ ಕಡೆ?"

"ಪಶ್ಚಿಮಕ್ಕೆ. ಕಾಲು ಪೂರ್ವಕ್ಕೆ."

"ಯಾಕಪ್ಪಾ?"

"ಅವನು ಪೂರ್ವದಿಂದ ಬರ್ತಾನೆ. ಎದ್ದು ಕೂತ್ರೆ ಎದುರಿಗೆ ಕಾಣ್ಬೇಕು."

ಹೀಗೆ ಹೇಳಿದ್ದು ದೇವಸಹಾಯಂ ಅಲ್ಲ, ನಾನು. ಅವರು ಪಕ್ಕದಲ್ಲಿ ನಿಂತು ಅಳುತ್ತಿದ್ದರು.

"ಎದ್ದು ಕೂತ್ರೆ ನಮ್ಮೋರ ಹಂಗೇ ಆಯ್ತು ಬಿಡು," ಎಂದರು ಶಂಕರಮ್ಮ. ವಿಭೂತಿಯ ಗಟ್ಟಿ ಸೆರಗಿನಲ್ಲಿ ಕಟ್ಟಿ ತಂದಿದ್ದರು. ನಿಮ್ಮಲ್ಲಿ ಹಾಕಲ್ವಲ್ಲ ಎಂದು ಹಾಗೇ ಇಟ್ಟುಕೊಂಡು, ಮೂರು ಹಿಡಿ ಮಣ್ಣು ಹಾಕಿದರು.

ಹಳೆ ಚರ್ಚಿನ ಅಯ್ಯನವರು ಬಂದಿದ್ದರು. ನಿಲುವಂಗಿ ಇಲ್ಲದೆ, ಸಾಮಾನ್ಯ ಶರಟಿನಲ್ಲಿ, ಬೇಲಿಯ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದು ಕರೆದೆ. ಬಂದರು.

ಭದ್ರಾವತಿ, ಡಿಸೆಂಬರ್ 12

ಹಲಗೆಗೆ ಬರೆದೆ. ಸೀಮೆಸುಣ್ಣದ ಪೊಟ್ಟಣದಲ್ಲಿ ಇನ್ನೂ ಕೆಲವು ಉಳಿದಿವೆ. ಮನೆಗೆ ಬಂದು ಇಬ್ಬರಿಗೆ ಅನ್ನ ಇಟ್ಟಿದ್ದೆ.

ಭದ್ರಾವತಿ, ಜನವರಿ 1, 2000

ಲೋಕ ಮುಗಿಯಲಿಲ್ಲ. ಪತ್ರಿಕೆಯ ಕಟ್ಟು ಎಂದಿನಂತೆ ಬಸ್ ಸ್ಟ್ಯಾಂಡಿಗೆ ಬಂತು. ಕಂಪ್ಯೂಟರುಗಳಿಗೂ ಏನೂ ಆಗಿಲ್ಲ ಎಂದು ಸುದ್ದಿಯಿದೆ.

ಪತ್ರಿಕೆ ಹಾಕಿಸಿ ಶೆಡ್ಡಿನ ಕಡೆ ಹೋದೆ. ಬಿಳಿ ಬಟ್ಟೆ ಉಟ್ಟು ಕಾದಿದ್ದವರು ಮನೆಗೆ ಹೊರಟಿದ್ದರು.  ಮಕ್ಕಳು ತಿಂಡಿ ಕೇಳುತ್ತಿದ್ದರು. ದೇವಸಹಾಯಂ ಒಬ್ಬರೇ ಒಳಗೆ ಕೂತಿದ್ದರು.

"ತಾರೀಖು ಹೇಳಿದ್ದು ನನ್ನ ತಪ್ಪು ಬ್ರದರ್," ಎಂದರು. "ನಾಳೆ ಯಾರೂ ಬರಲ್ಲ."

ಬರದಿದ್ದರೂ ಹಲಗೆಗೆ ಬರೆಯಬೇಕಲ್ಲ ಎಂದೆ. ಯಾವ ಹೆಸರು ಎಂದರು. "ಯೆಹೋವ ಶಮ್ಮಾ" ಎಂದು ಬರೆದೆ. ಅಲ್ಲಿದ್ದಾನೆ ಎಂದು ಅರ್ಥ. ಊರು ಸುಟ್ಟುಹೋಗಿ, ಪರದೇಶದಲ್ಲಿ ಸೆರೆಯಿದ್ದ ಯೆಹೆಜ್ಕೇಲನು ಇನ್ನೂ ಕಟ್ಟದ ಒಂದು ಊರಿಗೆ ಬರೆದಿಟ್ಟ ಹೆಸರು. ಕೆಳಗೆ ಸ್ಥಳ ಬರೆಯುವಾಗ ಮಾಚೇನಹಳ್ಳಿ ಎಂದು ಬರೆದುಬಿಟ್ಟೆ. ಒರೆಸಿ ಸರಿಮಾಡಿದೆ.

ಭದ್ರಾವತಿ, ಜನವರಿ 10

ನಿನ್ನೆ ನಮ್ಮ ಸಭೆಗೆ ಒಂದು ಬೆಂಚು ತುಂಬುವಷ್ಟೂ ಜನ ಇರಲಿಲ್ಲ. ನಾನು ಮುಂದೆ ಕೂತೆ.

ಇಂದು ಅಯ್ಯನವರು ಮನೆಗೆ ಬಂದರು. ಇದೇ 23ರ ಭಾನುವಾರ ಹಳೆ ಚರ್ಚಿನಲ್ಲಿ ಕರ್ತನ ಭೋಜನವಿದೆ. ನಾನು ಬಂದು ರೊಟ್ಟಿ, ದ್ರಾಕ್ಷಾರಸದ ಪಾಲು ತೆಗೆದುಕೊಂಡರೆ ಸಾಕು, ಹೆಸರು ಮತ್ತೆ ಸೇರುತ್ತದೆ, ಶೀಬಾಳ ಪಕ್ಕದ ಜಾಗ ನನಗೇ ಇರುತ್ತದೆ ಎಂದು ಕಮಿಟಿ ಒಪ್ಪಿದೆ. ಅದಕ್ಕಾಗಿ ಅವರು ಓಡಾಡಿದ್ದಾರೆ.

"ತಾಯಿಗಂತೂ ಆಗ್ಲಿಲ್ಲ. ತಂದೆಯಾದ್ರೂ ಮಗೂ ಹತ್ರ ಇರಿ," ಎಂದರು.

ಜಯಾ ಹೇಳಿದ್ದೂ ಇದನ್ನೇ. ಯೋಚಿಸಿ ಹೇಳುತ್ತೇನೆ ಎಂದೆ.

ಭದ್ರಾವತಿ, ಜನವರಿ 16

ನಿನ್ನೆ ಸಂಕ್ರಾಂತಿ. ಶಂಕರಮ್ಮ ಎಳ್ಳು ಬೆಲ್ಲ ಕೊಟ್ಟು, ಊಟ ಬಡಿಸಿದರು. ಊಟವಾದ ಮೇಲೆ ನಾನೂ ಓಂಕಾರಪ್ಪನೂ ಜಯಾ ಇರುವಲ್ಲಿಗೆ ಹೋದೆವು. ಮಣ್ಣು ಕುಸಿದಿತ್ತು. ಅವನು ಗುದ್ದಲಿಯಿಂದ ಹೊಸ ಮಣ್ಣು ಎಳೆದು ಹಾಕಿದ.

"ಇಲ್ಲಿ ಪಕ್ಕದಲ್ಲಿ ಜಾಗ ಇದೆಯಾ?" ಎಂದೆ.

"ಯಾರಿಗೆ?"

ನಾನು ಜಯಾಳ ಪಕ್ಕದ ಖಾಲಿ ನೆಲ ನೋಡಿದೆ. ಅವನು ಗುದ್ದಲಿ ಊರಿ ನಿಂತ.

"ನಿನಗೆ ಮಗಳ ಹತ್ರ ಕೊಡ್ತಾರಂತಲ್ಲ ಮಾರಾಯ. ಯಾರಿಗಾದ್ರೂ ಸಿಗೋ ಜಾಗವಾ ಅದು?"

"ಶೀಬಾ ಪಕ್ಕ ನಮ್ಮಮ್ಮ ಇದಾಳೆ," ಎಂದೆ. "ಜಯಾ ಪಕ್ಕ ನಮ್ಮೋರು ಯಾರೂ ಇಲ್ಲ."

"ನಮ್ಮಪ್ಪ ಇದಾನಲ್ಲ," ಎಂದ. ನಂತರ ಕಣ್ಣೊರೆಸಿಕೊಂಡು, "ಇದೆ ಬಿಡು ಜಾಗ," ಎಂದ.

ಭದ್ರಾವತಿ, ಜನವರಿ 20

ಹಳೆ ಚರ್ಚಿಗೆ ಮರಳುವುದಿಲ್ಲ, ಜಯಾಳಂತೆ ನಾನೂ ಹೊಳೆಗೆ ಇಳಿಯುತ್ತೇನೆ ಎಂದು ಅಯ್ಯನವರಿಗೆ ಇಂದು ತಿಳಿಸಿದೆ. ಕಮಿಟಿ ಒಪ್ಪಿ ಕೊಟ್ಟ ಜಾಗ ಬಿಟ್ಟು ನೀರಿಗೆ ಇಳಿದರೆ, ಆಮೇಲೆ ತಪ್ಪಾಯ್ತು ಎಂದರೂ ಇನ್ನೊಮ್ಮೆ ಒಪ್ಪುವುದಿಲ್ಲ ಎಂದು ಅವರು ಎಚ್ಚರಿಸಿದರು. ಗೊತ್ತಿದೆ ಎಂದೆ. ಶೀಬಾಳ ಪಕ್ಕದ ಜಾಗವನ್ನು ಬೇರೆಯವರಿಗೆ ಕೊಡಬಹುದು. ಯಾವುದಾದರೂ ಮಗುವಿಗೆ ಬೇಕಾದರೆ ಮೊದಲು ಅದಕ್ಕೆ ಕೊಡಿ ಎಂದು ಕೇಳಿಕೊಂಡೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು.

ಅಲ್ಲಿಂದ ಸಮಾಧಿ ಭೂಮಿಗೆ ಹೋಗಿ ಶೀಬಾಳಿಗೆ ಹೇಳಿದೆ. ಅಮ್ಮನಿಗೂ ಹೇಳಿದೆ, ನೋಡಿಕೋ ಎಂದು. ನಿನ್ನನ್ನು ನೋಡುವವನು ಇದ್ದಾನೆ ಎಂದು ಶೀಬಾಳಿಗೆ ಮತ್ತೊಮ್ಮೆ ಹೇಳಿ ಬಂದೆ. ದಡದಲ್ಲೇ ಇದ್ದುಬಿಡಿ ಎಂದು ಜಯಾ ಹೇಳಿದ್ದಳು. ಅದನ್ನೂ ಇಲ್ಲಿ ಬರೆದಿದ್ದೇನೆ.

ದೇವಸಹಾಯಂ ಅವರಿಗೆ ಒಪ್ಪಿಗೆಯಿದೆ. ಇದೇ ಭಾನುವಾರ, 23ರಂದು ಬೆಳಿಗ್ಗೆ ಏಳು ಗಂಟೆಗೆ ಭದ್ರಾ ಹೊಳೆಯಲ್ಲಿ ದೀಕ್ಷಾಸ್ನಾನ. ಟವೆಲ್ ಹಿಡಿದು ನಿಲ್ಲಲು ಓಂಕಾರಪ್ಪ ಬರುತ್ತಾನೆ.